ಹೊಲಿಗೆ ಯಂತ್ರಕ್ಕೆ ಮೊದಲು ಹುಣಸೆಬೀಜ

ಪುಣೆಯ ವಾರಜೆ ಕಡೆ ಗೌಂಡಿ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿ ಹೆಂಗಸರ ನಡುವೆ ನನ್ನ ಕೆಲಸ. ಹಣ ಕೊಡುವವರ ಅರ್ಜಿಯಲ್ಲಿ ‘ಫಲಾನುಭವಿಗಳಲ್ಲಿ ಮಹಿಳೆಯರೆಷ್ಟು’ ಅನ್ನುವ ಕಾಲಂ ಇದ್ದೇ ಇರುತ್ತದೆ. ಹೊಲಿಗೆ ತರಬೇತಿ ಇಟ್ಟರೆ ಅದು ತಾನಾಗಿ ತುಂಬುತ್ತದೆ. ಅಭಿವೃದ್ಧಿಯಲ್ಲಿ ಹೆಣ್ಣು ಹೊರಗುಳಿದಿದ್ದಾಳೆ, ಒಳಗೆ ಕರೆತನ್ನಿ ಅನ್ನುವ ವಿಚಾರ 1970ರಲ್ಲಿ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ ಬರೆದ ಮೇಲೆ, 1975ರಲ್ಲಿ ಮೆಕ್ಸಿಕೊದಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನದ ಹೊತ್ತಿಗೆ ಬಲವಾಯಿತು. ಆದರೆ ನಮ್ಮ ಹೆಂಗಸರು ಹೊರಗಿದ್ದದ್ದಾದರೂ ಯಾವಾಗ? ಐಟಿ ಕಂಪನಿಗಳ ಕಟ್ಟಡಕ್ಕೆ ಮಾಲು ಹೊತ್ತವರೇ ಇವರು. ಎಂಥ ಅಭಿವೃದ್ಧಿ, ಯಾರ ಬೆನ್ನ ಮೇಲೆ ಅನ್ನುವ ಪ್ರಶ್ನೆಯನ್ನು ಎತ್ತಿಕೊಂಡ ‘ಡಾನ್’ (DAWN) ಎಂಬ, ಬಡ ದೇಶಗಳ ಸ್ತ್ರೀವಾದಿಗಳ ಜಾಲ ರೂಪುಗೊಂಡದ್ದು 1984ರಲ್ಲಿ, ನಮ್ಮ ಬೆಂಗಳೂರಲ್ಲೇ, ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಮೊದಲಾದವರು ಕೂತ ಸಭೆಯಲ್ಲಿ.

ನಾನು ತರಬೇತಿಯನ್ನು ಪಕ್ಕಕ್ಕಿಟ್ಟು ಹುಣಸೆಬೀಜ ತಂದೆ. ಶೆಡ್ಡಿನ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ದಿನದಲ್ಲಿ ಯಾವ ಕೆಲಸಕ್ಕೆ ಎಷ್ಟು ತಾಸು ಹೋಗುತ್ತದೆ ಎಂದು ಇಟ್ಟು ತೋರಿಸಲು, ಒಂದು ತಾಸಿಗೆ ಒಂದು ಬೀಜದಂತೆ ಹೆಂಗಸರಿಗೆ 24, ಗಂಡಸರಿಗೆ 24 ಕೊಟ್ಟೆವು. ಗಂಡಸರು ಬೇಗ ಇಟ್ಟು ಮುಗಿಸಿದರು. ಹೆಂಗಸರಿಗೆ ಕೊಟ್ಟ ಬೀಜ ಸಾಲಲಿಲ್ಲ. ಟ್ಯಾಂಕರಿನ ಪಾಳಿಯಲ್ಲಿ ನಿಂತಾಗಲೂ ಕಂಕುಳಲ್ಲಿ ಕೂಸು, ರೊಟ್ಟಿ ಬಡಿಯುವಾಗಲೂ ಕೂಸು. ಹಾಗಾಗಿ ಒಟ್ಟೊಟ್ಟಿಗೆ ಮಾಡುವ ಕೆಲಸಕ್ಕೆ ಬೇರೆ ಕಾಳು, ಕಡಲೆ, ಇಟ್ಟೆವು. ಈ ಎರಡನೇ ಕಾಳು ಇಲ್ಲದಿದ್ದರೆ ಕೂಸು ನೋಡಿಕೊಳ್ಳುವ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಈ ಪದ್ಧತಿ ಬಳಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

“ರೊಟ್ಟಿ ಬಡಿಯೂದೂ ಕೆಲಸ ಅಂತ ಹಿಡಿತೀರೇನ್ರಿ ಅಕ್ಕೋರೇ?” ಎಂದ ಒಬ್ಬ ಮೇಸ್ತ್ರಿ.

“ಹಂಗಾರ ನಾಳಿಂದ ಬಿಟ್ಟ ಬಿಡ್ತೀನಿ, ಉಣ್ಣಬ್ಯಾಡ,” ಅಂದಳು ಅವನ ಹೆಂಡತಿ. ಚರ್ಚೆಯನ್ನು ನಾನು ನಡೆಸುವ ಅಗತ್ಯವೇ ಬೀಳಲಿಲ್ಲ.

ಹೊಲಿಗೆ ಯಾರೂ ಕೇಳಲಿಲ್ಲ. ಕೇಳಿದ್ದು ನೀರಿನ ಹೊತ್ತು ಬದಲಿಸಿ ಅಂತ, ಕೂಸುಗಳಿಗೆ ನೆರಳು ಮಾಡಿಸಿ ಅಂತ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಸ್ತ್ರೀವಾದಿ ಚಿಂತಕಿ ಮ್ಯಾಕ್ಸಿನ್ ಮಾಲಿನ್ಯೂ (Molyneux) 1985ರಲ್ಲಿ ಮಾಡಿದ ವಿಂಗಡಣೆಯ ಪ್ರಕಾರ ನೀರು, ನೆರಳಿನಂಥವು ದಿನದ ಬದುಕಿನ ಅಗತ್ಯಗಳು. ಅಧಿಕಾರ, ಹಿಡಿತದ ಪ್ರಶ್ನೆಗಳು ಬೇರೆ. ಪಾಠಕ್ಕೆ ಸರಿ, ಆದರೆ ಎರಡನೆಯದನ್ನು ದೊಡ್ಡದೆಂದು ಮೊದಲೇ ಎತ್ತಿಕೊಂಡರೆ ಸಭೆಗೆ ಜನ ಬರಲ್ಲ. ಟ್ಯಾಂಕರ್ ಸಂಜೆಗೆ ಬರತೊಡಗಿದ ಮೇಲೇ ಅವರಿಗೆ ಕೂತು ಮಾತಾಡಲು ಪುರಸೊತ್ತಾಯಿತು. ಆಗ ಪಗಾರದ ವಿಷಯ ಬಂತು.

ಅಲ್ಲಿ ಗಂಡ-ಹೆಂಡತಿಯನ್ನು ಒಂದೇ ಜೋಡಿಯೆಂದು ಲೆಕ್ಕ ಹಿಡಿದು ಪಗಾರವನ್ನು ಗಂಡನ ಕೈಗೆ ಕೊಡುತ್ತಿದ್ದರು. ಹೆಂಗಸರಿಗೆ ಬ್ಯಾಂಕ್ ಖಾತೆ ಇತ್ತು. ಪಾಸ್‌ಬುಕ್ ಟ್ರಂಕಿನಲ್ಲಿ, ಓಟಿಪಿ ಬರುವುದು ಗಂಡನ ಮೊಬೈಲಿಗೆ. ‘ಖಾತೆ ಹೊಂದಿದ ಮಹಿಳೆಯರು’ ಎಂಬ ಕಾಲಮ್ಮಿನಲ್ಲಿ ಇವರೆಲ್ಲ ಸೇರಿಬಿಟ್ಟಿದ್ದರು! ಬಚತ್ ಗಟ್ಟಿನ, ಅಂದರೆ ಉಳಿತಾಯ ಸಂಘದ, ಹೆಂಗಸರೇ ಒಟ್ಟಾಗಿ ಹೋಗಿ ಆಳುಗಳ ಮೇಲ್ವಿಚಾರಕ ಮುಕಾದಮನ ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರನ್ನು ಬೇರೆ ಸಾಲಿನಲ್ಲಿ ಬರೆಸಿದರು. ಗಂಡಂದಿರ ಜೊತೆ ನಾವು ಬೇರೆಯಾಗಿ ಕೂತೆವು. ಅವರನ್ನು ಬಿಟ್ಟು ಮಾಡಿದ್ದರೆ ಜಗಳವೆಲ್ಲ ರಾತ್ರಿ ಶೆಡ್ಡಿನೊಳಗೆ ಆಗುತ್ತಿತ್ತು.

ಗೌಂಡಿಗೂ ಹೆಣ್ಣಾಳಿಗೂ ಕೂಲಿಯ ಅಂತರ ಇನ್ನೂ ಹಾಗೇ ಇದೆ. ಹೆಂಗಸರ ಕೈಗೆ ಕರಣಿ ಕೊಡಿ, ಗೋಡೆ ಕಟ್ಟುವುದು ಕಲಿಸಿ ಎಂದು ಕೇಳಿದ್ದೇವೆ. ಗುತ್ತಿಗೆದಾರ ನೋಡೋಣ ಅಂದಿದ್ದಾನೆ.