ತೇಲಿದರೆ ಸಾಲದು, ಮೊಸರಲ್ಲೂ ಗೆಲ್ಲಬೇಕು

ತೀರ್ಥಹಳ್ಳಿ ಹತ್ತಿರ ನನ್ನ ಚಿಕಿತ್ಸಾಲಯ. ತಾಮ್ರವನ್ನು ಸುಟ್ಟು ಪುಡಿ ಮಾಡಿದ ಆಯುರ್ವೇದ ಔಷಧಿ ತಾಮ್ರ ಭಸ್ಮ. ಅದನ್ನು ನನ್ನ ರೋಗಿಗಳಿಗೆ ಬೇಕಾದಷ್ಟು ಮಾತ್ರ ನಾನೇ ಮಾಡಿಕೊಳ್ಳುತ್ತೇನೆ. ಸ್ವಂತ ರೋಗಿಗಳಿಗಾಗಿ ಮಾಡುವ ನೋಂದಾಯಿತ ವೈದ್ಯರಿಗೆ ತಯಾರಿಕೆಯ ಲೈಸೆನ್ಸ್ ಬೇಕಿಲ್ಲ. ಅಂದರೆ ಬಂದು ಪರೀಕ್ಷೆ ಮಾಡುವವರೂ ಇಲ್ಲ. ನಾವೇ ನೋಡಿಕೊಳ್ಳಬೇಕು.

ಒಂದು ಆಷಾಢದಲ್ಲಿ ಮಾಡಿದ ಭಸ್ಮ ನನಗೆ ಪಾಠ ಕಲಿಸಿತು. ತಾಮ್ರದ ತೆಳು ತಗಡನ್ನು ಕೆಂಪಗೆ ಕಾಯಿಸಿ ಎಳ್ಳೆಣ್ಣೆ, ಮಜ್ಜಿಗೆ, ಗೋಮೂತ್ರ, ಕಾಂಜಿ (ಹುಳಿ ಹಿಡಿಸಿದ ಗಂಜಿನೀರು), ಹುರುಳಿ ಕಷಾಯಗಳಲ್ಲಿ ಏಳೇಳು ಸಲ ಅದ್ದಿದ್ದೆ. ಪಾದರಸ, ಗಂಧಕ ಒಟ್ಟಿಗೆ ಅರೆದ ಕಪ್ಪು ಪುಡಿ, ಅಂದರೆ ಕಜ್ಜಲಿ, ಸೇರಿಸಿ ನಿಂಬೆರಸದಲ್ಲಿ ಅರೆದು, ಬಿಲ್ಲೆ ತಟ್ಟಿ, ಶರಾವ ಅನ್ನುವ ಮಣ್ಣಿನ ತಟ್ಟೆಗಳಲ್ಲಿ ಮುಚ್ಚಿ, ಗುಂಡಿಯಲ್ಲಿ ಬೆರಣಿ ಬೆಂಕಿ ಹಾಕಿ ಸುಟ್ಟೆ. ಇದಕ್ಕೆ ಪುಟ ಕೊಡುವುದು ಅನ್ನುತ್ತೇವೆ. ನುಣುಪಾದ ಕಪ್ಪು ಪುಡಿ ಬಂತು. ಬೆರಳ ಗೆರೆಯೊಳಗೆ ಕೂತಿತು. ನೀರ ಮೇಲೆ ತೇಲಿತು. ಹೊಳಪೂ ಇರಲಿಲ್ಲ. ಭಸ್ಮ ಸರಿಯಾಗಿದೆ ಅನ್ನಲು ನೋಡುವ ಹಳೇ ಗುರುತುಗಳಿವು. ರಾತ್ರಿ ಒಂದು ಚಿಟಿಕೆ ಮೊಸರಿಗೆ ಹಾಕಿಟ್ಟೆ. ಬೆಳಗ್ಗೆ ನೋಡಿದರೆ ಮೊಸರು ಹಸಿರು!

ಹುಳಿಯಲ್ಲಿ ಕರಗುವ ತಾಮ್ರ ಇನ್ನೂ ಉಳಿದಿತ್ತು. ಹೊಟ್ಟೆಯಲ್ಲಿರುವುದೂ ಹುಳಿಯೇ ಅಲ್ವಾ? ಹಾಗೇ ಕೊಟ್ಟಿದ್ದರೆ ವಾಂತಿ ಆಗಬಹುದಿತ್ತು.

ತಪ್ಪು ಬೆರಣಿಯಲ್ಲಿತ್ತು. ಎಣಿಸಿ ಹಾಕುತ್ತಿದ್ದೆ, ಅಷ್ಟೇ. ನಮ್ಮ ಮಳೆಗಾಲದ ಬೆರಣಿಗೆ ಹೊಗೆ ಜಾಸ್ತಿ, ಕಾವು ಕಡಿಮೆ. ತೂಗಿದರೂ ತೇವದ ತೂಕವೇ ಸಿಗುತ್ತದೆ. ಈಗ ಬೇಸಿಗೆಯಲ್ಲೇ ಒಣಗಿಸಿ ಅಟ್ಟದ ಮೇಲೆ ಇಡುತ್ತೇನೆ. ಪುಟದ ದಿನ ತೂಗಿ ಹಾಕುತ್ತೇನೆ. ಗುಂಡಿಗೆ ಥರ್ಮೋಕಪಲ್ (ಕಾವು ಅಳೆಯುವ ತಂತಿ) ಇಳಿಸಿ ಹತ್ತು ನಿಮಿಷಕ್ಕೊಮ್ಮೆ ಕಾವು ಬರೆದಿಡುತ್ತೇನೆ. ಪಾದರಸದ ಆವಿ ಅಪಾಯ, ಹಾಗಾಗಿ ಗುಂಡಿ ಮನೆಯಿಂದ ದೂರ, ಬಯಲಲ್ಲಿದೆ. ಮೊಸರಿನ ಬಣ್ಣ ಬದಲಾಗುವುದು ನಿಲ್ಲುವ ತನಕ ಮತ್ತೆ ಮತ್ತೆ ಪುಟ.

ಆದರೆ ಮೊಸರಿನ ಪರೀಕ್ಷೆಯಲ್ಲಿ ಸೀಸ ಗೊತ್ತಾಗುವುದಿಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತ್ತು. ಆಗ ನಮ್ಮವರಲ್ಲಿ ಅನೇಕರಿಗೆ ಸಿಟ್ಟು ಬಂತು. ನನಗೆ ಅನ್ನಿಸುವುದು, ಸಿಟ್ಟಿಗಿಂತ ಲ್ಯಾಬ್ ವರದಿ ತೋರಿಸುವುದೇ ಸರಿಯಾದ ಉತ್ತರ.

ನಾನೂ ಒಂದು ಬ್ಯಾಚನ್ನು ಐಸಿಪಿ-ಎಂಎಸ್ ಪರೀಕ್ಷೆಗೆ, ಅಂದರೆ ಲೋಹಗಳ ಪ್ರಮಾಣ ಅಳೆಯುವ ಲ್ಯಾಬ್ ಪರೀಕ್ಷೆಗೆ, ಕಳಿಸಿದೆ. ಸೀಸ ಜಾಸ್ತಿ ಬಂತು! ಆ ಸಲ ಗುಜರಿಯಿಂದ ತಂದ ಹಳೇ ಪಾತ್ರೆಯ ತಾಮ್ರ ಬಳಸಿದ್ದೆ. ಬೆಸುಗೆ, ಕಲಾಯಿ ಎಲ್ಲ ಅದರಲ್ಲೇ ಇತ್ತು. ತಿಂಗಳ ಕೆಲಸ, ಪೂರ್ತಿ ಬದಿಗಿಟ್ಟೆ, ಯಾರಿಗೂ ಕೊಡಲಿಲ್ಲ. ಗಿಡಮೂಲಿಕೆ ಔಷಧಿಗಳಿಗೆ ಸೀಸ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10 ಭಾಗ), ಆರ್ಸೆನಿಕ್ 3 ಪಿಪಿಎಂ ಮಿತಿ ಇದೆ. ತಾಮ್ರದ ಜೊತೆ ಬೆರಕೆಯಾಗಿ ಬರುವ ಸೀಸ, ಆರ್ಸೆನಿಕ್‌ಗೂ ನಾನು ಅದನ್ನೇ ಮಿತಿ ಮಾಡಿಕೊಂಡಿದ್ದೇನೆ. ಈಗ ತಾಮ್ರವನ್ನೇ ಮೊದಲು ಪರೀಕ್ಷಿಸುತ್ತೇನೆ.

ಐಸಿಪಿ-ಎಂಎಸ್ ಲೋಹ ಎಷ್ಟಿದೆ ಅನ್ನುತ್ತದೆ, ಯಾವ ರೂಪದಲ್ಲಿದೆ ಅನ್ನುವುದಿಲ್ಲ. ಸಲ್ಫೈಡೋ, ಆಕ್ಸೈಡೋ, ಲೋಹವೇ ಉಳಿದಿದೆಯೋ ತಿಳಿಯಲು ಎಕ್ಸ್‌ಆರ್‌ಡಿ ಅನ್ನುವ ಎಕ್ಸ್‌-ರೇ ಪರೀಕ್ಷೆ ಬೇಕು. ದುಡ್ಡು ಖರ್ಚಾಗುತ್ತದೆ, ಆದರೂ ತಾಮ್ರ ತರುವ ಕಡೆ ಬದಲಾದಾಗಲೆಲ್ಲ ಮಾಡಿಸುತ್ತೇನೆ.

ಕೊಟ್ಟ ಮೇಲೂ ಕೆಲಸ ಇದೆ. ಶುರು ಮಾಡುವ ಮುಂಚೆ ಮತ್ತು ನಡುವೆ ಲಿವರ್, ಕಿಡ್ನಿ ರಕ್ತಪರೀಕ್ಷೆ ಮಾಡಿಸುತ್ತೇನೆ. ಗರ್ಭಿಣಿಯರಿಗೆ, ಮಕ್ಕಳಿಗೆ ಕೊಡುವುದೇ ಇಲ್ಲ.