ವೆಬ್ ಆ್ಯಪ್‌ನ ಮೂಲೆಯಲ್ಲೊಂದು ನಂಬರ್: ಕೈಯಲ್ಲಿ ಬರೆಯಬೇಡಿ, ತಾನಾಗೇ ಬರಲಿ

ನಾವು ಮಾಡಿಕೊಟ್ಟಿದ್ದ ಬಿಲ್ಲಿಂಗ್ ಆ್ಯಪ್ ಬಳಸುತ್ತಿದ್ದ ಅಂಗಡಿಯೊಂದರಿಂದ ಒಂದು ದಿನ ಬೆಳಿಗ್ಗೆಯೇ ಫೋನ್ ಬಂತು. ‘ಸರ್, ಟೋಟಲ್ ಇನ್ನೂ ತಪ್ಪೇ ಬರ್ತಿದೆ. ಸರಿ ಮಾಡಿದೀವಿ ಅಂದಿದ್ರಲ್ಲ?’ ಹಿಂದಿನ ವಾರವೇ ಸರಿ ಮಾಡಿ ಸರ್ವರ್‌ಗೆ ಹಾಕಿದ್ದೆವು. ನಮ್ಮ ಕಂಪ್ಯೂಟರ್‌ನಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಅರ್ಧ ದಿನ ಕೋಡ್ ಜಾಲಾಡಿದ ಮೇಲೆ ಗೊತ್ತಾಯಿತು: ಅವರ ಬ್ರೌಸರ್ ಹಳೆಯ ಫೈಲನ್ನೇ ಹಿಡಿದುಕೊಂಡು ಕೂತಿತ್ತು. ಪರದೆಯ ಕೆಳಗೆ ‘ಆವೃತ್ತಿ 2.3’ ಅಂತ ಇತ್ತು, ನಿಜ. ಆದರೆ ಅದನ್ನು ನಾವು ಕೈಯಲ್ಲಿ ಟೈಪ್ ಮಾಡಿದ್ದೆವು. ತಿಂಗಳುಗಟ್ಟಲೆ ಯಾರೂ ಬದಲಿಸಿರಲಿಲ್ಲ. ಹಳೆಯದರಲ್ಲೂ 2.3, ಹೊಸದರಲ್ಲೂ 2.3.

ಮನುಷ್ಯರು ಬರೆಯುವ ನಂಬರನ್ನು ಮನುಷ್ಯರು ಮರೆಯುತ್ತಾರೆ. ಹಾಗಾಗಿ ಆ ಕೆಲಸ ಯಂತ್ರಕ್ಕೇ ಬಿಡೋಣ.

ಮೊದಲು: ಯಾವ ನಂಬರ್?

ಕೋಡ್ ಮತ್ತು ಅದರ ಬದಲಾವಣೆಗಳ ದಾಖಲೆ ಇಡಲು ಸಬ್‌ವರ್ಷನ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದರೆ ನಂಬರ್ ಸಿದ್ಧವಾಗಿಯೇ ಇದೆ. ಅಲ್ಲಿ ಇಡೀ ರೆಪಾಸಿಟರಿಗೆ (ಕೋಡ್‌ನ ಭಂಡಾರಕ್ಕೆ) ಒಂದೇ ಎಣಿಕೆ. ಯಾರು ಕಮಿಟ್ ಮಾಡಿದರೂ, ಅಂದರೆ ತಮ್ಮ ಬದಲಾವಣೆಯನ್ನು ದಾಖಲಿಸಿದರೂ, 4167 ಹೋಗಿ 4168 ಆಗುತ್ತದೆ.

2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಗಿಟ್‌ನಲ್ಲಿ ಹಾಗಿಲ್ಲ. ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕಂಪ್ಯೂಟರ್‌ನಲ್ಲೇ ಕಮಿಟ್ ಮಾಡುತ್ತಾರೆ. ಎಲ್ಲರಿಗೂ ಸೇರಿ ಒಂದು ಎಣಿಕೆ ಇಡುವವರು ಯಾರೂ ಇರುವುದಿಲ್ಲ. ಬದಲಿಗೆ ಪ್ರತಿ ಕಮಿಟ್‌ಗೂ ಸಾಮಾನ್ಯವಾಗಿ 40 ಅಕ್ಷರಗಳ ಒಂದು ಹ್ಯಾಶ್ ಇರುತ್ತದೆ. ಬೆರಳಿನ ಗುರುತು ಇದ್ದ ಹಾಗೆ. ಆದರೆ ಎರಡು ಹ್ಯಾಶ್ ಪಕ್ಕಪಕ್ಕ ಇಟ್ಟರೆ ಯಾವುದು ಹೊಸದು ಅಂತ ಗೊತ್ತಾಗುವುದೇ ಇಲ್ಲ.

ಇದಕ್ಕೆ ಗಿಟ್ ಒಳಗೇ ಪರಿಹಾರ ಇದೆ. ಆದೇಶದ ಹೆಸರು ‘ಗಿಟ್ ಡಿಸ್ಕ್ರೈಬ್’. ಜೊತೆಗೆ ಟ್ಯಾಗ್ಸ್, ಆಲ್ವೇಸ್, ಡರ್ಟಿ ಎಂಬ ಮೂರು ಆಯ್ಕೆಗಳನ್ನು ಕೊಡಿ. ಟರ್ಮಿನಲ್‌ನಲ್ಲಿ ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಪ್ರತಿ ಆಯ್ಕೆಯ ಮುಂದೆ ಎರಡು ಅಡ್ಡಗೆರೆ. ಉತ್ತರ ಹೀಗೆ ಬರುತ್ತದೆ: 2.3-14-ಜಿ4019837. ಓದುವುದು ಸುಲಭ. ಹತ್ತಿರದ ಟ್ಯಾಗ್, ಅಂದರೆ ಒಂದು ಕಮಿಟ್‌ಗೆ ನಾವೇ ಇಟ್ಟ ಹೆಸರು, 2.3. ಅದಾದ ಮೇಲೆ 14 ಕಮಿಟ್. ‘ಜಿ’ ಅಂದರೆ ಗಿಟ್. ಉಳಿದದ್ದು ಹ್ಯಾಶ್‌ನ ಮೊದಲ ತುಂಡು. ಕೊನೆಗೆ ‘ಡರ್ಟಿ’ ಅಂತ ಸೇರಿದ್ದರೆ ಯಾರೋ ಕಮಿಟ್ ಮಾಡದ ಬದಲಾವಣೆ ಇಟ್ಟುಕೊಂಡೇ ಬಿಲ್ಡ್ ಮಾಡಿದ್ದಾರೆ (ಕೋಡ್‌ನಿಂದ ಓಡುವ ಆ್ಯಪ್ ತಯಾರಿಸಿದ್ದಾರೆ). ಅಂಥದ್ದು ಸರ್ವರ್‌ಗೆ ಹೋಗಲೇಬಾರದು.

ಎರಡನೆಯದು: ಎಲ್ಲಿ ಬರೆಯಬೇಕು?

ಕಮಿಟ್ ಮಾಡುವಾಗಲೇ ಹ್ಯಾಶನ್ನು ಒಂದು ಫೈಲ್‌ಗೆ ಬರೆದುಬಿಟ್ಟರೆ ಆಯಿತಲ್ವಾ? ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆಗುವುದಿಲ್ಲ. ಹ್ಯಾಶ್ ಹುಟ್ಟುವುದೇ ಫೈಲ್‌ಗಳ ಒಳಗಿನ ವಿಷಯದಿಂದ. ಹ್ಯಾಶನ್ನು ಫೈಲ್‌ಗೆ ಬರೆದ ತಕ್ಷಣ ವಿಷಯ ಬದಲಾಯಿತು, ಹ್ಯಾಶೂ ಬದಲಾಯಿತು. ಯಾವ ಕಮಿಟ್ಟೂ ತನ್ನ ಹ್ಯಾಶನ್ನು ತನ್ನೊಳಗೇ ಇಟ್ಟುಕೊಳ್ಳಲು ಸಾಧ್ಯವಿಲ್ಲ.

ಸಬ್‌ವರ್ಷನ್‌ನಲ್ಲಿ ಬೇರೆ ಥರದ ಮೋಸ ಇದೆ. ಫೈಲ್‌ನೊಳಗೆ ಡಾಲರ್ ಚಿಹ್ನೆಗಳ ನಡುವೆ ‘ರೆವ್’ ಅಂತ ಬರೆದು, ಆ ಫೈಲ್‌ಗೆ ‘ಕೀವರ್ಡ್ಸ್’ ಪ್ರಾಪರ್ಟಿ ಹಾಕಿದರೆ ಸಬ್‌ವರ್ಷನ್ ತಾನೇ ಅಲ್ಲಿ ನಂಬರ್ ತುಂಬಿಕೊಡುತ್ತದೆ. ಆದರೆ ಅದು ಆ ಒಂದು ಫೈಲ್ ಕೊನೆಯ ಸಲ ಬದಲಾದಾಗಿನ ನಂಬರ್. ಬೇರೆ ನೂರು ಫೈಲ್ ಬದಲಾದರೂ ಅದು ಅಲ್ಲಾಡುವುದಿಲ್ಲ. ಇಡೀ ಪ್ರಾಜೆಕ್ಟಿನ ಸ್ಥಿತಿ ಬೇಕಿದ್ದರೆ ‘ಎಸ್‌ವಿಎನ್‌ವರ್ಷನ್’ ಎಂಬ ಪುಟ್ಟ ಪ್ರೋಗ್ರಾಂ ಓಡಿಸಬೇಕು.

ಹಾಗಾದರೆ ಸರಿಯಾದ ಜಾಗ ಬಿಲ್ಡ್. ಬಿಲ್ಡ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಡಿಸ್ಕ್ರೈಬ್ ಓಡಿಸಿ. ಬಂದ ಉತ್ತರವನ್ನು ಒಂದು ಸಣ್ಣ ಫೈಲ್‌ಗೆ ಬರೆಯಿರಿ. ಆ ಫೈಲನ್ನು ‘ಗಿಟ್ ಇಗ್ನೋರ್’ ಪಟ್ಟಿಗೆ (ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಫೈಲ್‌ಗಳ ಪಟ್ಟಿ) ಸೇರಿಸಿ. ವೀಟ್ ಎಂಬ ಬಿಲ್ಡ್ ಸಾಧನ ಬಳಸುವವರಾದರೆ ಅದರ ‘ಡಿಫೈನ್’ ಸೆಟ್ಟಿಂಗ್‌ನಲ್ಲೇ ಕೊಡಬಹುದು. ಆದರೆ ಜಾವಾಸ್ಕ್ರಿಪ್ಟ್‌ನ ‘ಜೇಸನ್ ಸ್ಟ್ರಿಂಗಿಫೈ’ ಬಳಸಿ ಉದ್ಧರಣ ಚಿಹ್ನೆಯೊಳಗೆ ಹಾಕಿಯೇ ಕೊಡಿ, ಇಲ್ಲದಿದ್ದರೆ ಉದ್ಧರಣ ಚಿಹ್ನೆ ಇಲ್ಲದ ಬರೀ ಕೋಡ್ ತುಂಡಾಗಿ ಒಳಗೆ ಹೋಗುತ್ತದೆ.

ನಿಮ್ಮ ಕಂಪ್ಯೂಟರ್‌ನಲ್ಲಿ ಸರಿ, ಬಿಲ್ಡ್ ಸರ್ವರ್‌ನಲ್ಲಿ ಇಲ್ಲ

ಜಾಸ್ತಿ ಜನ ಎಡವುವುದು ಇಲ್ಲೇ. ತಾನಾಗೇ ಬಿಲ್ಡ್ ಮಾಡಿಕೊಡುವ ಗಿಟ್‌ಹಬ್ ಆ್ಯಕ್ಷನ್ಸ್ ಸೇವೆಯಲ್ಲಿ ಕೋಡ್ ತರುವ ಚೆಕ್‌ಔಟ್ ಹಂತವನ್ನು ಸುಮ್ನೆ ಬಿಟ್ಟರೆ ಕೊನೆಯ ಒಂದು ಕಮಿಟ್ ಮಾತ್ರ ತರುತ್ತದೆ. ಹಿಂದಿನ ಚರಿತ್ರೆಯೂ ಇಲ್ಲ, ಟ್ಯಾಗೂ ಇಲ್ಲ. ಟ್ಯಾಗ್ ಸಿಗದಿದ್ದರೆ ‘ಆಲ್ವೇಸ್’ ಆಯ್ಕೆ ಬರೀ ಹ್ಯಾಶ್ ಕೊಟ್ಟು ಸುಮ್ಮನಾಗುತ್ತದೆ. ‘ಫೆಚ್ ಡೆಪ್ತ್’ ಅನ್ನು 0 ಮಾಡಿ, ಪೂರ್ತಿ ಚರಿತ್ರೆ ಬರುತ್ತದೆ. ಆ್ಯಪನ್ನು ‘ಇಮೇಜ್’ ಎಂಬ ಪೊಟ್ಟಣವಾಗಿ ಕಟ್ಟುವ ಡಾಕರ್ ಬಳಸುತ್ತಿದ್ದರೆ ಗಿಟ್ ಫೋಲ್ಡರ್ (ಗಿಟ್ ತನ್ನ ಚರಿತ್ರೆ ಇಡುವ ಜಾಗ) ಆ ಇಮೇಜ್ ಒಳಗೆ ಹೋಗುವುದೇ ಬೇಡ. ನಂಬರನ್ನು ಹೊರಗಡೆಯೇ ಲೆಕ್ಕ ಹಾಕಿ ಬಿಲ್ಡ್ ಆರ್ಗ್ಯುಮೆಂಟ್ ಆಗಿ ಕಳಿಸಿ. ಹಾಗೆಯೇ, ಆ ಗಿಟ್ ಫೋಲ್ಡರ್ ಸಾರ್ವಜನಿಕ ವೆಬ್ ಫೋಲ್ಡರ್‌ನಲ್ಲಿ ಸಿಕ್ಕಿಬಿದ್ದಿದೆಯೇ ಅಂತ ಇವತ್ತೇ ನೋಡಿ. ಇದ್ದರೆ ನಿಮ್ಮ ಕೋಡ್ ಪೂರ್ತಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ನಂಬರ್ ಅಂದರೂ ಅದು ಅಕ್ಷರ

ಇದನ್ನು ಒತ್ತಿ ಹೇಳಬೇಕು. ಹ್ಯಾಶ್ ತುಂಡಿನಲ್ಲಿ ಎಲ್ಲ ಅಂಕಿಗಳಿದ್ದು ನಡುವೆ ಒಂದೇ ಒಂದು ‘ಇ’ ಇದೆ ಅಂದುಕೊಳ್ಳಿ: 5ಇ10234. ಇದನ್ನು ಸಂಖ್ಯೆ ಅಂತ ಓದಲು ಹೇಳಿದರೆ ಜಾವಾಸ್ಕ್ರಿಪ್ಟ್ 5ರ ಮುಂದೆ 10234 ಸೊನ್ನೆ ಅಂತ ತಿಳಿದು ‘ಇನ್ಫಿನಿಟಿ’ ಅನ್ನುತ್ತದೆ. ಸೊನ್ನೆಯಿಂದ ಶುರುವಾಗುವ ಹ್ಯಾಶ್ ಆದರೆ ಆ ಸೊನ್ನೆಯೇ ಬಿದ್ದುಹೋಗಬಹುದು. ಸಬ್‌ವರ್ಷನ್‌ನ 104168 ಪರದೆಯ ಮೇಲೆ 1,04,168 ಆಗಿ ಕಾಣಬಹುದು. ಹಾಗಾಗಿ ಮೊದಲಿನಿಂದ ಕೊನೆಯವರೆಗೂ ಉದ್ಧರಣ ಚಿಹ್ನೆಯೊಳಗೇ ಇಡಿ.

ಪರದೆಗೆ ತರುವುದು

ಕೆಳಗಿನ ಮೂಲೆ, ಸಣ್ಣ ಅಕ್ಷರ, ಬೂದು ಬಣ್ಣ ಸಾಕು. ಆದರೆ ಓದಲು ಆಗಬೇಕು. ಫೋನಿನಲ್ಲಿ ‘ಬಿ’, ‘ಡಿ’, ‘ಇ’, ‘ಸಿ’ ಎಲ್ಲ ಒಂದೇ ಥರ ಕೇಳುತ್ತವೆ. ‘ಬಿ ಫಾರ್ ಬೆಂಗಳೂರು, ಡಿ ಫಾರ್ ದಾವಣಗೆರೆ’ ಅಂತ ಗ್ರಾಹಕರ ಕೈಯಲ್ಲಿ ಹೇಳಿಸುವ ಕಷ್ಟ ಯಾಕೆ? ಮೂಲೆಯಲ್ಲಿ ‘2.3-14’ ಅಂತ ಮಾತ್ರ ತೋರಿಸಿ. ಅದರ ಮೇಲೆ ಒತ್ತಿದರೆ ಪೂರ್ತಿ ನಂಬರ್ ಕಾಪಿ ಆಗಲಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಮುಗಿಯಿತು.

ನಮ್ಮ ಅಂಗಡಿಯ ತೊಂದರೆಗೆ ಇಷ್ಟೇ ಸಾಲದು. ಬ್ರೌಸರ್ ಒಳಗಿರುವ ನಂಬರ್ ಬೇರೆ, ಸರ್ವರ್‌ನಲ್ಲಿರುವ ನಂಬರ್ ಬೇರೆ ಇರಬಹುದಲ್ಲ? ಸರ್ವರ್‌ನಲ್ಲಿ ತನ್ನ ನಂಬರ್ ಮಾತ್ರ ಹೇಳುವ ಒಂದು ಪುಟ್ಟ ವಿಳಾಸ ಇಡಿ. ಆ್ಯಪ್ ಆಗಾಗ ಅದನ್ನು ಕೇಳಿ ತನ್ನ ನಂಬರ್ ಜೊತೆ ಹೋಲಿಸಲಿ. ಬೇರೆ ಇದ್ದರೆ ‘ಹೊಸ ಆವೃತ್ತಿ ಬಂದಿದೆ, ಪುಟ ರಿಫ್ರೆಶ್ ಮಾಡಿ’ ಅಂತ ತೋರಿಸಲಿ. ಆದರೆ ತಾನಾಗಿಯೇ ರಿಫ್ರೆಶ್ ಮಾಡಬಾರದು. ಮೂವತ್ತು ಐಟಂ ಬಿಲ್ ಹಾಕುತ್ತಾ ಕೂತವರ ಕೆಲಸ ಅಳಿಸಿಹೋದೀತು. ಮುಖಪುಟದ ಎಚ್‌ಟಿಎಂಎಲ್‌ಗೆ ‘ನೋ ಕ್ಯಾಶ್’ ಹೆಡರ್ (ಸರ್ವರನ್ನು ಕೇಳದೆ ಹಳೆಯ ಪ್ರತಿ ಬಳಸಬೇಡ ಎಂದು ಬ್ರೌಸರ್‌ಗೆ ಹೇಳುವ ಸೂಚನೆ) ಹಾಕುವುದನ್ನೂ ಮರೆಯಬೇಡಿ. ದೋಷದ ಲಾಗ್‌ಗಳಲ್ಲೂ ಇದೇ ನಂಬರ್ ಸೇರಲಿ.

ಕೊನೆಗೆ ಒಮ್ಮೆ ಪರೀಕ್ಷಿಸಿ. ಒಂದು ಸಾಲು ಬದಲಿಸಿ, ಕಮಿಟ್ ಮಾಡಿ, ಬಿಲ್ಡ್ ಮಾಡಿ. 14 ಇದ್ದದ್ದು 15 ಆಗಿರಬೇಕು. ಪರದೆಯಿಂದ ಪೂರ್ತಿ ನಂಬರ್ ಕಾಪಿ ಮಾಡಿ ಕಮಿಟ್ ತೋರಿಸುವ ‘ಗಿಟ್ ಶೋ’ ಆದೇಶದ ಮುಂದೆ ಹಾಗೇ ಅಂಟಿಸಿ. ಗಿಟ್‌ಗೆ ಆ ಉದ್ದನೆಯ ರೂಪವೂ ಅರ್ಥವಾಗುತ್ತದೆ. ನೀವು ಈಗಷ್ಟೇ ಬದಲಿಸಿದ ಆ ಒಂದು ಸಾಲು ಟರ್ಮಿನಲ್‌ನಲ್ಲಿ ಕಂಡರೆ ನಿಮ್ಮ ಮೂಲೆಯ ನಂಬರ್ ಸರಿಯಾಗಿದೆ.