ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಫೆಲನಿ ಕೇಸು ವಜಾ ಮಾಡಿಸಿಕೊಳ್ಳುವುದು ಹೇಗೆ?

ಶಿಕ್ಷೆ ಮುಗಿದು ಎಷ್ಟೋ ವರ್ಷವಾಗಿರುತ್ತದೆ. ಆದರೂ ಬಾಡಿಗೆ ಮನೆ ಕೇಳಿದಾಗ, ಕೆಲಸಕ್ಕೆ ಅರ್ಜಿ ಹಾಕಿದಾಗ ಹಳೆಯ ಫೆಲನಿ (ದೊಡ್ಡ ದರ್ಜೆಯ ಅಪರಾಧ) ಎದುರು ಬಂದು ನಿಲ್ಲುತ್ತದೆ. ಅಮೆರಿಕದಲ್ಲಿ ಇದನ್ನು ಸರಿಪಡಿಸಿಕೊಳ್ಳುವ ಕಾನೂನು ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಕ್ಯಾಲಿಫೋರ್ನಿಯಾದ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಫೆಡರಲ್ ಕೋರ್ಟಿನ ಶಿಕ್ಷೆಗೆ ಇದು ಅನ್ವಯಿಸುವುದಿಲ್ಲ.

ಅಮೆರಿಕದ ಪೌರತ್ವ ಇಲ್ಲದವರು ಅರ್ಜಿ ಮುಟ್ಟುವ ಮೊದಲೇ ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಬೇಕು. ರಾಜ್ಯದ ಕೋರ್ಟು ಕೇಸನ್ನು ವಜಾ ಮಾಡಿದರೂ ವಲಸೆ ಇಲಾಖೆ ಅದನ್ನು ಶಿಕ್ಷೆಯೆಂದೇ ಎಣಿಸುತ್ತದೆ. 1996ರ ಫೆಡರಲ್ ಕಾಯ್ದೆಯ ವ್ಯಾಖ್ಯೆ ಅಷ್ಟು ಬಿಗಿ. ‘ಕೇಸು ಹೋಯಿತಲ್ಲ’ ಎಂದು ನಂಬಿ ಊರಿಗೆ ಬಂದ ಗ್ರೀನ್ ಕಾರ್ಡ್‌ದಾರರು ಮರಳುವಾಗ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳಬಹುದು. ಅಂಥವರಿಗೆ ಕ್ಯಾಲಿಫೋರ್ನಿಯಾ ದಂಡಸಂಹಿತೆಯ 1473.7ನೇ ಸೆಕ್ಷನ್ ಹೆಚ್ಚು ಉಪಯುಕ್ತ. ತಪ್ಪೊಪ್ಪಿಕೊಳ್ಳುವಾಗ ವಲಸೆಗೆ ಏನು ಧಕ್ಕೆಯಾಗುತ್ತದೆಂದು ಸರಿಯಾಗಿ ತಿಳಿದಿರಲಿಲ್ಲ ಎಂದು ತೋರಿಸಿದರೆ, ಆ ಶಿಕ್ಷೆಯನ್ನೇ ರದ್ದು ಮಾಡಲು ಅಲ್ಲಿ ಅವಕಾಶವಿದೆ.

ಇನ್ನು ಕೆಲಸ ಶುರುವಾಗುವುದು ನಿಮ್ಮ ದಾಖಲೆ ತರಿಸಿಕೊಳ್ಳುವುದರಿಂದ. ‘ಲೈವ್ ಸ್ಕ್ಯಾನ್’ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು, ಫಾರಂನಲ್ಲಿ ‘ರೆಕಾರ್ಡ್ ರಿವ್ಯೂ’ ಎಂದು ನಮೂದಿಸಿ. ರಾಜ್ಯದ ನ್ಯಾಯ ಇಲಾಖೆಯ ಶುಲ್ಕ 25 ಡಾಲರ್. ಆದಾಯ ಕಡಿಮೆಯಿದ್ದರೆ ಮಾಫಿ ಕೇಳಬಹುದು. ಬೆರಳಚ್ಚು ತೆಗೆಯುವವರು ತಮ್ಮ ಕೂಲಿಯನ್ನು ಬೇರೆ ಕೇಳುತ್ತಾರೆ. ಕೈಗೆ ಬರುವ ಹಾಳೆಗೆ ‘ರ‍್ಯಾಪ್ ಶೀಟ್’ ಎನ್ನುತ್ತಾರೆ. ಬಂಧನ, ಕೋರ್ಟಿನ ತೀರ್ಪು ಎಲ್ಲ ಸಂಕ್ಷಿಪ್ತ ಅಕ್ಷರಗಳಲ್ಲಿ ಒತ್ತೊತ್ತಾಗಿರುತ್ತವೆ. ಅದರಲ್ಲಿ ಕೇಸ್ ನಂಬರ್, ಸೆಕ್ಷನ್, ತೀರ್ಪಿನ ದಿನಾಂಕ, ಆದ ಶಿಕ್ಷೆ ಇವನ್ನು ಗುರುತು ಹಾಕಿಕೊಳ್ಳಿ. ಪ್ರೊಬೇಷನ್ನೋ (ಷರತ್ತುಗಳೊಡನೆ ಕೋರ್ಟಿನ ನಿಗಾದಲ್ಲಿರುವುದು), ಕೌಂಟಿ ಅಂದರೆ ಜಿಲ್ಲೆಯ ಜೈಲೋ, ರಾಜ್ಯದ ಸೆರೆಮನೆಯೋ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ.

ಪ್ರೊಬೇಷನ್ ಆಗಿದ್ದರೆ ಅದೇ ದಂಡಸಂಹಿತೆಯ 1203.4ನೇ ಸೆಕ್ಷನ್. ಷರತ್ತುಗಳನ್ನೆಲ್ಲ ಪಾಲಿಸಿ ಅವಧಿ ಮುಗಿಸಿದ್ದು, ಈಗ ಬೇರೆ ಕೇಸಾಗಲಿ ಶಿಕ್ಷೆಯಾಗಲಿ ಇಲ್ಲದಿದ್ದರೆ ನ್ಯಾಯಾಧೀಶರು ಒಪ್ಪಲೇಬೇಕು. ಷರತ್ತು ಮುರಿದಿದ್ದರೆ ನಿರ್ಧಾರ ಅವರ ವಿವೇಚನೆಗೆ ಬಿಟ್ಟದ್ದು. ಆಗ ಕೆಲಸ, ಸಂಸಾರ, ವ್ಯಸನದಿಂದ ಹೊರಬಂದದ್ದು ಇದೆಲ್ಲವನ್ನೂ ವಿವರಿಸುವ ಪತ್ರ ಲಗತ್ತಿಸಿ. ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರದ ಹಣ ಬಾಕಿಯಿದೆ ಎಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ. ಕೌಂಟಿ ಜೈಲು, ರಾಜ್ಯದ ಸೆರೆಮನೆ ಕಂಡವರಿಗೆ 1203.41ನೇ ಸೆಕ್ಷನ್. ಸೆರೆಮನೆಗೆ ಹೋದವರು ಶಿಕ್ಷೆ ಮತ್ತು ಪೆರೋಲ್ (ಬಿಡುಗಡೆಯ ನಂತರದ ನಿಗಾ) ಮುಗಿದ ಮೇಲೆ ಎರಡು ವರ್ಷ ಕಾಯಬೇಕು. 2023ಕ್ಕೆ ಮುಂಚೆ ಇವರಿಗೆ ಈ ಬಾಗಿಲು ತೆರೆದಿರಲಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧದಂಥ ಕೆಲವಕ್ಕೆ ಎರಡೂ ದಾರಿ ಇಲ್ಲ.

ಕೆಲವು ಅಪರಾಧಗಳನ್ನು ಫೆಲನಿಯಾಗಿಯೂ ಮಿಸ್‌ಡಿಮೀನರ್ (ಸಣ್ಣ ದರ್ಜೆಯ ಅಪರಾಧ) ಆಗಿಯೂ ನಡೆಸಬಹುದು. ನಿಮ್ಮದು ಅಂಥದ್ದಾಗಿದ್ದು ಪ್ರೊಬೇಷನ್ ಸಿಕ್ಕಿದ್ದರೆ, ಅದೇ ಅರ್ಜಿಯಲ್ಲಿ 17(ಬಿ) ಸೆಕ್ಷನ್ ಅಡಿ ಮಿಸ್‌ಡಿಮೀನರ್‌ಗೆ ಇಳಿಸಿಕೊಡಿ ಎಂದೂ ಕೇಳಿ. ಇದನ್ನು ಕೇಳದೆ ಬಿಡುವುದು ದೊಡ್ಡ ನಷ್ಟ.

ಅರ್ಜಿಯ ಫಾರಂ ಸಿಆರ್-180, ಜತೆಗೆ ಆದೇಶದ ಖಾಲಿ ಫಾರಂ ಸಿಆರ್-181. ಶಿಕ್ಷೆಯಾದ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲೇ ಸಲ್ಲಿಸಬೇಕು. ಕೋರ್ಟು ತೀರ್ಮಾನಿಸುವ 15 ದಿನ ಮುಂಚೆ ಸರ್ಕಾರಿ ವಕೀಲರಿಗೆ ನೋಟಿಸ್ ಹೋಗಬೇಕು. ವಕೀಲರ ಫೀಸಿಗೆ ಸಾಲ ಮಾಡುವ ಮುಂಚೆ ಆ ಕೌಂಟಿಯ ಪಬ್ಲಿಕ್ ಡಿಫೆಂಡರ್ (ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲರು) ಕಚೇರಿಗೆ ಫೋನ್ ಮಾಡಿ. ಸ್ಯಾನ್ ಫ್ರಾನ್ಸಿಸ್ಕೊ, ಅಲಮೀಡಾದಂಥ ಕಡೆ ‘ಕ್ಲೀನ್ ಸ್ಲೇಟ್’ ಹೆಸರಿನಲ್ಲಿ ಇದೇ ಸಹಾಯ ಮಾಡುತ್ತಾರೆ.

2005ರಿಂದೀಚಿನ ಹಲವು ಫೆಲನಿಗಳಿಗೆ, ಶಿಕ್ಷೆ ಮುಗಿದು ನಾಲ್ಕು ವರ್ಷ ಹೊಸ ಫೆಲನಿ ಇಲ್ಲದಿದ್ದರೆ, ಅರ್ಜಿಯಿಲ್ಲದೆ ತಾನಾಗಿಯೇ ಇಂಥ ವಿನಾಯಿತಿ ಸಿಗುವ ವ್ಯವಸ್ಥೆಯೂ ಇದೆ. ಗಂಭೀರ ಮತ್ತು ಹಿಂಸಾತ್ಮಕ ಅಪರಾಧಗಳು ಇದರಿಂದ ಹೊರಗೆ.

ಆದೇಶ ಬಂದ ಮೇಲೆ ದೃಢೀಕೃತ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. ದಾಖಲೆ ಅಳಿದುಹೋಗುವುದಿಲ್ಲ, ಅದೇ ಕೇಸಿನ ಮುಂದೆ ‘ವಜಾ’ ಎಂದು ಸೇರುತ್ತದೆ, ಅಷ್ಟೆ. ಬಂದೂಕಿನ ಹಕ್ಕು ಮರಳುವುದಿಲ್ಲ. ಸಾರ್ವಜನಿಕ ಹುದ್ದೆಯ ಅರ್ಜಿಯಲ್ಲಿ ನೇರವಾಗಿ ಕೇಳಿದರೆ ಹೇಳಬೇಕು. ಪೌರತ್ವದ ಅರ್ಜಿಯಲ್ಲಂತೂ ಮುಚ್ಚಿಡಲೇಬೇಡಿ. ಖಾಸಗಿ ಕೆಲಸಗಳಲ್ಲಿ ಮಾತ್ರ ದೊಡ್ಡ ನಿರಾಳ: ಸಾಮಾನ್ಯವಾಗಿ ವಜಾ ಆದ ಕೇಸಿನ ಬಗ್ಗೆ ಅವರು ಕೇಳುವಂತಿಲ್ಲ. ಬ್ಯಾಕ್‌ಗ್ರೌಂಡ್ ಚೆಕ್ ಕಂಪನಿಯ ವರದಿಯಲ್ಲಿ ಹಳೆಯದೇ ಉಳಿದಿದ್ದರೆ ಆದೇಶದ ಪ್ರತಿಯೊಂದಿಗೆ ಲಿಖಿತ ತಕರಾರು ಕಳಿಸಿ. ಸಾಮಾನ್ಯವಾಗಿ 30 ದಿನದೊಳಗೆ ಅವರು ಪರಿಶೀಲಿಸಿ ತಿದ್ದಬೇಕು.